ಕೇಳಿ ಹೋದವರೇ, ಲೆಕ್ಕ ಕೊಡಿ

ಸಾಯುವ ಯೋಚನೆ ಬರುತ್ತದೆಯೇ ಎಂದು ಒಬ್ಬ ಹೆಂಗಸನ್ನು ಕೇಳಿ, ಆಕೆ ಹೌದು ಅಂದದ್ದಕ್ಕೆ ಗುರುತು ಹಾಕಿಕೊಂಡು ಎದ್ದು ಹೋಗುತ್ತೀರಲ್ಲ, ಅದನ್ನು ಸಂಶೋಧನೆ ಎನ್ನಬೇಡಿ. ಅದು ದರೋಡೆ.

ಮಲ್ಲೇಶ್ವರಂನ ರಸ್ತೆಗಳಲ್ಲಿ ಈ ದರೋಡೆ ಹಾಡಹಗಲೇ ನಡೆಯುತ್ತಿದೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮನಃಶಾಸ್ತ್ರದ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಸ್ಯಾಂಪಲ್ ಹುಡುಕಿಕೊಂಡು ಹೊರಡುತ್ತಾರೆ. ಅವರಿಗೆ ಸಿಗುವುದು ಯಾರು? ಸಂಪಿಗೆ ರಸ್ತೆಯ ಹೂವಿನವರು, ಸ್ಯಾಂಕಿ ಕೆರೆಯ ಬೆಂಚಿನ ಮೇಲೆ ಒಂಟಿಯಾಗಿ ಕೂತ ಹಿರಿಯರು, ಬೆಳಕು ಹರಿಯುವ ಮೊದಲೇ ಪೊರಕೆ ಹಿಡಿದ ಪೌರಕಾರ್ಮಿಕರು. ಇವರಿಗೆ ಇಲ್ಲ ಎನ್ನಲು ಬಾಯಿಲ್ಲ. ದೊಡ್ಡ ಮನೆಗಳ ಕಾಲಿಂಗ್ ಬೆಲ್ ಒತ್ತಿ ಯಾರೂ ಈ ಪ್ರಶ್ನೆ ಕೇಳುವುದಿಲ್ಲ.

ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ಬೀದಿ ಗುಡಿಸುವ ಒಬ್ಬ ತಾಯಿಯ ಮುಂದೆ ವಿದ್ಯಾರ್ಥಿಯೊಬ್ಬ ಫಾರಂ ಹಿಡಿದಿದ್ದ. ಹಾಜರಿ ಹಾಕಿಕೊಂಡ ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. "ಸೈನ್ ಹಾಕ್ರಮ್ಮ, ಐದೇ ನಿಮಿಷ" ಎಂದ ಹುಡುಗ. "ಇದ್ರಿಂದ ಮನೆ ಏನಾದ್ರೂ ಸಿಗ್ತದೇನಪ್ಪಾ?" ಎಂದು ಆಕೆ ಕೇಳಿದರು. ಅವನು ಉತ್ತರಿಸಲಿಲ್ಲ. ಕೈಯಲ್ಲಿದ್ದದ್ದು ಪಿಎಚ್‌ಕ್ಯೂ-9, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ. ಸಾವಿನ ಯೋಚನೆಯ ಬಗ್ಗೆ ಕೇಳುವುದು ಕೊನೆಯ ಪ್ರಶ್ನೆ. "ಕೆಲವು ದಿನ ಅನ್ನಿಸ್ತದೆ" ಎಂದರು ಆಕೆ, ಮೇಸ್ತ್ರಿಗೆ ಕೇಳಿಸದ ಹಾಗೆ. ಹುಡುಗ ಟಿಕ್ ಹಾಕಿ, "ಥ್ಯಾಂಕ್ಸ್ ಆಂಟಿ" ಎಂದು ಮುಂದಿನವರ ಕಡೆ ತಿರುಗಿದ.

ಇಪ್ಪತ್ತರ ಹುಡುಗನನ್ನು ಬೈದು ಫಲವಿಲ್ಲ. ಏನನ್ನೂ ಕಲಿಸದೆ ಅವನನ್ನು ಬೀದಿಗೆ ಬಿಟ್ಟ ಗೈಡ್ ಯಾರು? ಪ್ರಾಜೆಕ್ಟಿನ ಮೊದಲ ಪುಟಕ್ಕೆ ಕಣ್ಣುಮುಚ್ಚಿ ಸಹಿ ಹಾಕಿದವರು ಯಾರು? ಇಂಟರ್ನಲ್ ಮಾರ್ಕ್ಸ್ ಕತ್ತರಿಸುತ್ತೇವೆಂದು ಹೆದರಿಸಿ ತಮ್ಮ ತರಗತಿಯ ಮಕ್ಕಳನ್ನೇ ಪ್ರಯೋಗಕ್ಕೆ ಕೂರಿಸುವವರು ಯಾರು? ಹೆಸರು, ಫೋನ್ ನಂಬರ್ ಸಮೇತ ಉತ್ತರಗಳು ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋಗುವಾಗ ಸುಮ್ಮನಿದ್ದವರು ಯಾರು?

ನಿಯಮ ಇಲ್ಲವೆಂದು ಹೇಳಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ, ಯಾರದೋ ಕೈಕೆಳಗೆ ದುಡಿಯುವವರು, ಓದುವವರು, ಬಡವರು ವಿಶೇಷ ರಕ್ಷಣೆ ಬೇಕಾದವರ ಸಾಲಿನಲ್ಲಿದ್ದಾರೆ. ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆಯ 99ನೇ ಕಲಮಿನ ಪ್ರಕಾರ, ಮಾನಸಿಕ ಕಾಯಿಲೆ ಇರುವವರನ್ನು ಸಂಶೋಧನೆಗಾಗಿ ಬರೀ ಮಾತನಾಡಿಸಲೂ ಅವರು ತಿಳಿದು, ಸ್ವಇಚ್ಛೆಯಿಂದ ಕೊಟ್ಟ ಒಪ್ಪಿಗೆ ಬೇಕು.

ಈ ಪಾಠವನ್ನು ಮೊದಲು ಕಲಿಯಬೇಕಾದ ಊರು ಬೆಂಗಳೂರು. ಇಲ್ಲಿ ಆರೋಪಿಗಳಿಗೆ ಪೆಂಟೊಥಾಲ್ ಚುಚ್ಚಿ ನಾರ್ಕೊ ಪರೀಕ್ಷೆ ಮಾಡಿದರು. ಅರೆಪ್ರಜ್ಞೆಯ ಬಡಬಡಿಕೆ ಟಿವಿಯಲ್ಲಿ ಮನೆಮನೆಗೆ ಬಿತ್ತರವಾಯಿತು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ನಾರ್ಕೊ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಯಾವುದನ್ನೂ ಮಾಡಕೂಡದು ಎಂದು ತೀರ್ಪಿತ್ತಿತು. ಕೊಲೆ ಆರೋಪಿಯ ಮನಸ್ಸಿಗೂ ಈ ರಕ್ಷಣೆ ಇದೆ. ನಮ್ಮ ಬೀದಿ ಗುಡಿಸುವ ತಾಯಿಗೆ ಏಕಿಲ್ಲ?

ಅಮೆರಿಕದ ಟಸ್ಕೆಗೀಯಲ್ಲಿ ಬಡ ಕಪ್ಪು ಜನರಿಗೆ ಸಿಫಿಲಿಸ್ ಇದೆಯೆಂದು ಗೊತ್ತಿದ್ದೂ 1932ರಿಂದ 1972ರವರೆಗೆ ಚಿಕಿತ್ಸೆ ಕೊಡದೆ ನೋಡುತ್ತ ಕೂತರು. ಆ ಪಾಪದ ಬೆನ್ನಿಗೆ ಬಂದ 1979ರ ಬೆಲ್ಮಾಂಟ್ ವರದಿ ಮೂರೇ ಮಾತು ಹೇಳಿತು: ಮನುಷ್ಯನನ್ನು ಗೌರವಿಸಿ, ಒಳಿತು ಮಾಡಿ, ನ್ಯಾಯವಾಗಿರಿ. ನಿಮ್ಮ ಪಠ್ಯದಲ್ಲಿ ಇದು ಪರೀಕ್ಷೆಗೆ ಬರುವ ಪ್ರಶ್ನೆ. ಬೀದಿಯಲ್ಲಿ ಮಾತ್ರ ಔಟ್ ಆಫ್ ಸಿಲಬಸ್ಸೇ?

ನೀವು ಹಾಳು ಮಾಡುತ್ತಿರುವುದು ಜನರ ನಂಬಿಕೆಯನ್ನು. ನಾಳೆ ನಿಜವಾಗಿ ನೆರವಾಗಲು ಬಂದ ಆಶಾ ಕಾರ್ಯಕರ್ತೆಗೂ ಆ ತಾಯಿ ಬಾಯಿ ಬಿಡುವುದಿಲ್ಲ.

ಮೇಸ್ತ್ರಿಯನ್ನು ದೂರ ಕಳಿಸಿ. ಕನ್ನಡದಲ್ಲಿ ಬಿಡಿಸಿ ಹೇಳಿ. ಬೇಡ ಅಂದರೆ ಕೈಮುಗಿದು ಹಿಂದಿರುಗಿ. ಸಾವಿನ ಮಾತು ಬಂದರೆ ಪೆನ್ನು ಕೆಳಗಿಡಿ, ಜೊತೆಗೆ ಕೂರಿ, ಅಲ್ಲೇ 14416ಕ್ಕೆ ಫೋನ್ ಮಾಡಿಸಿ. ನಮ್ಮ ನಿಮ್ಹಾನ್ಸೇ ಮುಖ್ಯ ಕೇಂದ್ರವಾಗಿರುವ ಟೆಲಿ ಮಾನಸ್ ಸಹಾಯವಾಣಿ ಅದು, ಹಗಲೂ ರಾತ್ರಿ, ಉಚಿತ. ಇಷ್ಟೂ ಆಗದಿದ್ದರೆ ಆ ಪ್ರಶ್ನೆ ಕೇಳುವ ಯೋಗ್ಯತೆ ನಿಮಗಿಲ್ಲ.

ಓದುಗರೇ, ಫಾರಂ ಹಿಡಿದು ಬಂದವರನ್ನು ಮೊದಲು ನೀವೇ ಕೇಳಿ: ಇಂಥ ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ಪತ್ರ ಎಲ್ಲಿ? ತೋರಿಸದಿದ್ದರೆ ಒಂದಕ್ಷರವನ್ನೂ ಬರೆಯಬೇಡಿ, ನಿಮ್ಮ ಮನೆಗೆಲಸದವರಿಂದಲೂ ಬರೆಸಲು ಬಿಡಬೇಡಿ.