ಅವ್ವನ ಸ್ಥಾಯಿ, ನನ್ನ ಅಂತರಾ

ನಮ್ಮವ್ವ ಮಧ್ಯಾಹ್ನ ಎಲ್ಲಾರೂ ಮಲಗಿದ ಮ್ಯಾಲೆ ಬಾಗಲಾ ಮುಂದ ಮಾಡ್ಕೊಂಡು ಸಿತಾರ ನುಡಸ್ತಿದ್ಲು. ಭೀಮಪಲಾಸದಾಗ ತಾನ ಒಂದು ಗತ್ ಕಟ್ಟಿದ್ಲು. "ನಂದೇನ್ ದೊಡ್ಡದು" ಅಂತ ಯಾರಿಗೂ ಕೇಳಸ್ಲಿಲ್ಲ. ಈಗ ಅವ್ವ ಇಲ್ಲ. ಬಾಗಲಾ ಆಚೆ ಕೂತು ಕೇಳಿದ ಸ್ಥಾಯಿ ನನಗ ನೆನಪದ, ಅಂತರಾ ಆಕಿ ಕೂಡನ ಹೋತು.

ಹೋದ ತಿಂಗಳ ಆ ಸ್ಥಾಯಿಗೆ ನಾನ ಅಂತರಾ ಕಟ್ಟಿದೆ. ಸ್ವಂತ ಗತ್ ಕಟ್ಟೋದಂದ್ರ ನಮ್ಮಂಥವರ ಕೆಲಸಲ್ಲ ಅಂತ ಹೆದರ್ತೀವಿ. ಆದ್ರ ದಾರಿ ಹಿರಿಯರು ಹಾಕಿಟ್ಟಾರ ನೋಡ್ರಿ: ತೀನತಾಲಕ್ಕ 16 ಮಾತ್ರಾ, ಭೀಮಪಲಾಸದ ಆರೋಹದಾಗ ರಿಷಭ, ಧೈವತ ಇಲ್ಲ, ಅಂತರಾ ಮ್ಯಾಲಿನ ಷಡ್ಜಕ್ಕ ಏರಬೇಕು. ಉಳಿದದ್ದು ನಮ್ಮ ಮನಸ್ಸು. ನನಗ ಹೊಳದದ್ದು ರೊಟ್ಟಿ ಬಡಿಯೋವಾಗ, ಆ ಸಪ್ಪಳದ ಲಯಕ್ಕ. ಹಿಟ್ಟಿನ ಕೈಯಾಗನ ಮೊಬೈಲ್ ಹಚ್ಚಿ ಗುನುಗಿ ರೆಕಾರ್ಡ್ ಮಾಡಿದೆ.

ಹೊಸ ಚಟ್ನಿ ಮಾಡಿದ್ರ ಬಾಜೂ ಮನಿಗೆ ಬಟ್ಲದಾಗ ಕಳಸ್ತೀವಿ, "ಉಪ್ಪು ಸರಿ ಅದನೋ ನೋಡ್ರಿ" ಅಂತೀವಿ. ಗತ್ತಿಗ್ಯಾಕ ನಾಚಿಕಿ? ತಪ್ಪಿದ್ರ ತಿದ್ದಬಹುದು. ಕೇಳಸದ ಇಟ್ಟದ್ದನ್ನ ಯಾರು ತಿದ್ದತಾರ, ಯಾರು ಮುಂದ ನುಡಸ್ತಾರ?

ನಾಳೆ ಮಧ್ಯಾಹ್ನ ಬರ್ರಿ, ಕೇಳಸ್ತೀನಿ. ಬಾಗಲಾ ತೆರದs ಇರ್ತದ.