ಬಂದವರಿಂದ ಬಿರಿದ ಮನೆಯಲ್ಲ

ಸ್ವೀಡನ್ ‘ಜನರ ಮನೆ’ಯಾಗಬೇಕು, ಅಲ್ಲಿ ಮುದ್ದಿನ ಮಕ್ಕಳೂ ಇರಬಾರದು, ಮಲಮಕ್ಕಳೂ ಇರಬಾರದು ಎಂದು ಸೋಷಿಯಲ್ ಡೆಮಾಕ್ರಟ್ ನಾಯಕ ಪೇರ್ ಆಲ್ಬಿನ್ ಹಾನ್ಸನ್ 1928ರಲ್ಲಿ ಹೇಳಿದ್ದರು. ಆ ಮನೆಯ ವಾರಸುದಾರ ತಾನೇ ಎಂದು ಇಂದು ಹೇಳಿಕೊಳ್ಳುತ್ತಿರುವುದು ಸ್ವೀಡನ್ ಡೆಮಾಕ್ರಟ್ಸ್ ಪಕ್ಷ. 1988ರಲ್ಲಿ ಜನಾಂಗದ್ವೇಷಿ ಗುಂಪುಗಳ ಒಡಲಿನಿಂದ ಬಂದ ಈ ಪಕ್ಷ 2010ರಲ್ಲಿ ಶೇ. 5.7 ಮತಗಳೊಂದಿಗೆ ಸಂಸತ್ತು ಹೊಕ್ಕಿತು, 2022ರಲ್ಲಿ ಶೇ. 20.5 ಮತ ಗಳಿಸಿ ಎರಡನೇ ಸ್ಥಾನಕ್ಕೇರಿತು. ಸರ್ಕಾರದ ಹಣದತ್ತ ಹೆಜ್ಜೆ ಹಾಕುವ ವೃದ್ಧೆಯನ್ನು ಬುರ್ಖಾ ತೊಟ್ಟ ತಾಯಂದಿರು ಹಿಂದಿಕ್ಕುವ ಅದರ 2010ರ ಚುನಾವಣಾ ಜಾಹೀರಾತಿನಲ್ಲಿ ಪಕ್ಷದ ಇಡೀ ವಾದವಿದೆ: ವಲಸಿಗರ ತುತ್ತು ನಮ್ಮ ಹಿರಿಯರಿಂದ ಕಿತ್ತದ್ದು.

ಈ ವಾದ ಸುಳ್ಳು. ಇಸವಿಗಳೇ ಅದಕ್ಕೆ ಸಾಕ್ಷಿ. ತೊಂಬತ್ತರ ದಶಕದ ಆರಂಭದ ಬ್ಯಾಂಕ್ ಬಿಕ್ಕಟ್ಟಿನಲ್ಲಿ ನಿರುದ್ಯೋಗ ಹಲವು ಪಟ್ಟು ಏರಿತು, ಸಾರ್ವಜನಿಕ ವೆಚ್ಚಕ್ಕೆ ಕತ್ತರಿ ಬಿತ್ತು. 1992ರಲ್ಲಿ ತೆರಿಗೆ ಹಣ ಖಾಸಗಿ ಶಾಲೆಗಳತ್ತ ಹರಿಯತೊಡಗಿತು. ಸೋಷಿಯಲ್ ಡೆಮಾಕ್ರಟರೇ ಅಧಿಕಾರದಲ್ಲಿದ್ದಾಗ ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆ ಹೋಯಿತು. 2007ರಲ್ಲಿ ಸಂಪತ್ತಿನ ತೆರಿಗೆಯೂ ಹೋಯಿತು. ಇವು ಯಾವುವೂ ನಿರಾಶ್ರಿತರು ಕೈಗೊಂಡ ತೀರ್ಮಾನಗಳಲ್ಲ. 2015ರಲ್ಲಿ ಸುಮಾರು 1.63 ಲಕ್ಷ ಜನ ಆಶ್ರಯ ಕೋರಿ ಬಂದಾಗ ಪುರಸಭೆಗಳು ತತ್ತರಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ತತ್ತರಿಸಿದ್ದು ನಿಜ, ವಸತಿ, ಶಾಲೆಗಳ ಮೇಲೆ ಬಿದ್ದ ಹೊರೆಯನ್ನು ಅಲ್ಲಗಳೆದರೆ ಜನ ನಮ್ಮನ್ನು ನಂಬುವುದಿಲ್ಲ. ಆದರೆ ಆ ಹೊರೆ ಬಿದ್ದದ್ದು ಎರಡು ದಶಕಗಳಿಂದ ಸವೆದಿದ್ದ ತೊಲೆಯ ಮೇಲೆ. ಒಂದೇ ಕುಲದವರಿದ್ದಾಗ ಮಾತ್ರ ಕಲ್ಯಾಣ ರಾಜ್ಯ ನಡೆಯುತ್ತದೆ ಎಂಬ ಇನ್ನೊಂದು ಆಕ್ಷೇಪವೂ ನಿಲ್ಲುವುದಿಲ್ಲ: ಅದರ ಏಳಿಗೆಯ ದಿನಗಳಲ್ಲಿ ಕಾರ್ಖಾನೆಗಳಿಗೆ ಹೆಗಲು ಕೊಟ್ಟವರಲ್ಲಿ ಫಿನ್ಲೆಂಡ್, ಯುಗೊಸ್ಲಾವಿಯಾಗಳ ಕಾರ್ಮಿಕರೂ ಇದ್ದರು.

ಜನಾಂಗದ್ವೇಷದ ವಿರೋಧಿಗಳೂ ಇಲ್ಲಿ ಕಲಿಯಬೇಕಾದ ಪಾಠವಿದೆ. 2013ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನ ಶೆರ್‌ಟೊರ್ಪ್‌ನಲ್ಲಿ ಜನಾಂಗದ್ವೇಷದ ವಿರುದ್ಧ ನಡೆದ ಶಾಂತ ಸಭೆಯೊಂದರ ಮೇಲೆ ನವನಾಜಿಗಳು ಎರಗಿದಾಗ, ಮುಂದಿನ ಭಾನುವಾರವೇ ಸಾವಿರಾರು ಜನ ಅಲ್ಲಿ ನೆರೆದರು. ಅದು ಹೆಮ್ಮೆಯ ದಿನ. ಆದರೂ ಮರುವರ್ಷದ ಚುನಾವಣೆಯಲ್ಲಿ ಸ್ವೀಡನ್ ಡೆಮಾಕ್ರಟ್ಸ್‌ನ ಮತ ಶೇ. 12.9ಕ್ಕೆ ಏರಿತು. ದ್ವೇಷ ತಪ್ಪೆಂದು ಸಾರುವುದು ಅಗತ್ಯ, ಸಾಲದು. ಸ್ಟಾಕ್‌ಹೋಮ್‌ನ ಹುಸ್ಬಿಯಂಥ ಬಡಾವಣೆಗಳ ಯುವಕರು ಕಟ್ಟಿದ ಮೆಗಾಫೋನನ್ ಸಂಘಟನೆ ಪೊಲೀಸ್ ದೌರ್ಜನ್ಯದ ಜೊತೆಗೆ ಬಾಡಿಗೆ, ಶಾಲೆ, ಸಾರ್ವಜನಿಕ ಸೌಲಭ್ಯಗಳ ಪ್ರಶ್ನೆಯನ್ನೂ ಎತ್ತಿತು. ಸರಿಯಾದ ದಾರಿ ಅದೇ. ಜಾಹೀರಾತು ಪೈಪೋಟಿಗಿಳಿಸಿದ ಆ ವೃದ್ಧೆಯೂ ಆ ತಾಯಂದಿರೂ ಆಸ್ಪತ್ರೆಯಲ್ಲಿ ಕಾಯುವುದು ಒಂದೇ ಸರತಿಯಲ್ಲಿ. ಆ ಸರತಿ ಏಕೆ ಉದ್ದವಾಯಿತೆಂದು ಅವರೆಲ್ಲರೂ ಒಟ್ಟಿಗೆ ಕೇಳುವಂಥ ಚಳವಳಿಯನ್ನು ಕಟ್ಟಬೇಕು.