ಅಗಲಿದವರ ಸಾಲ, ಉಳಿದವರ ಹಕ್ಕು



ದುಡಿಯುವ ಯಜಮಾನರು ಲಿಂಗೈಕ್ಯರಾದ ಮನೆಗೆ ಸಾಂತ್ವನ ಹೇಳುವವರ ಬೆನ್ನಿಗೇ ಲೆಕ್ಕ ಹೇಳುವವರೂ ಬರುತ್ತಾರೆ. ಶಿವಗಣಾರಾಧನೆಯ ಪ್ರಸಾದದ ಪಂಕ್ತಿ ಏಳುವ ಮೊದಲೇ ಒಬ್ಬರು ಕೈಗಡದ ಚೀಟಿಯನ್ನು ತೋರಿಸುತ್ತಾರೆ, ಮತ್ತೊಬ್ಬರು ಪತ್ತಿನ ಸಂಘದ ಬಾಕಿಯನ್ನು ನೆನಪಿಸುತ್ತಾರೆ. ಮನೆಯ ಹಿರಿಯರು ಮಾನಕ್ಕೆ ಅಂಜಿ, "ಹೋದವರ ಹೆಸರಿಗೆ ಕಳಂಕ ಬರಬಾರದು, ಕಂಪನಿಯ ಹಣ ಬಂದೊಡನೆ ಎಲ್ಲವನ್ನೂ ತೀರಿಸಿಬಿಡೋಣ" ಎನ್ನುತ್ತಾರೆ. ಮೇಲ್ನೋಟಕ್ಕೆ ಅದು ಧರ್ಮದ ಮಾತೇ. ಆದರೆ ಆ ಹಣ ಯಾರದು ಎಂಬ ಪ್ರಶ್ನೆಯನ್ನು ಆ ಹೊತ್ತಿನಲ್ಲಿ ಯಾರೂ ಎತ್ತುವುದಿಲ್ಲ. ಅಗಲಿದವರು ಬಿಟ್ಟುಹೋದ ಆಸ್ತಿ ಒಂದು. ಅವರ ದುಡಿಮೆಯ ಕಾರಣದಿಂದ ಹೆಂಡತಿ ಮಕ್ಕಳಿಗೆ ಸಲ್ಲುವ ಹಣ ಇನ್ನೊಂದು. ಇವೆರಡನ್ನೂ ಒಂದೇ ಗಂಟಿಗೆ ಕಟ್ಟುವುದರಿಂದಲೇ ಎಷ್ಟೋ ಸಂಸಾರಗಳು ವರ್ಷದೊಳಗೆ ಬರಿಗೈಯಾಗಿವೆ.

ಮೊದಲು ಸಾಲದ ಮಾತು. ತಂದೆಯ ಸಾಲವನ್ನು ತೀರಿಸುವುದು ಮಗನ ಧಾರ್ಮಿಕ ಕರ್ತವ್ಯವೆಂಬ ಹಳೆಯ ಕಟ್ಟಳೆಯೊಂದು ಹಿಂದೂ ಕಾನೂನಿನಲ್ಲಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ತಾನು ಅನ್ವಯಿಸುವವರಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಹೇಳಿರುವುದರಿಂದ ಅದರ ತಿದ್ದುಪಡಿಗಳು ನಮ್ಮ ಮನೆಗಳಿಗೂ ಸಲ್ಲುತ್ತವೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ 2005ರ ತಿದ್ದುಪಡಿಯನ್ನು ಎಲ್ಲರೂ ಬಲ್ಲರು. ಅದೇ ತಿದ್ದುಪಡಿಯು, ಆ ಬಳಿಕ ಮಾಡಿದ ಸಾಲಕ್ಕಾಗಿ ಕೇವಲ ಧಾರ್ಮಿಕ ಕರ್ತವ್ಯವೆಂಬ ಕಾರಣದಿಂದ ಮಗ, ಮೊಮ್ಮಗ, ಮರಿಮಗನ ಮೇಲೆ ಕ್ರಮ ಜರುಗಿಸುವ ಹಕ್ಕನ್ನು ನ್ಯಾಯಾಲಯ ಮನ್ನಿಸಬಾರದೆಂದೂ ವಿಧಿಸಿದ್ದನ್ನು ಬಲ್ಲವರು ಕಡಿಮೆ.

ಹಾಗೆಂದು ಸಾಲ ಮಾಯವಾಗುವುದಿಲ್ಲ. ವಾರಸುದಾರರ ಕೈಗೆ ಬಂದ ಮೃತರ ಆಸ್ತಿಯ ಮಿತಿಯವರೆಗೆ ಸಾಲಗಾರನಿಗೆ ಕೊಟ್ಟೇ ತೀರಬೇಕು. ಸಾಲ 5 ಲಕ್ಷ, ಬಿಟ್ಟುಹೋದ ಆಸ್ತಿ 2 ಲಕ್ಷವಾದರೆ, ಉಳಿದ 3 ಲಕ್ಷಕ್ಕೆ ಹೆಂಡತಿಯ ಸ್ವಂತ ಸಂಬಳವಾಗಲಿ ತವರಿನ ಬಂಗಾರವಾಗಲಿ ಹೊಣೆಯಲ್ಲ. ಅಡವಿಟ್ಟ ಮನೆಯ ಮೇಲಿನ ಸಾಲ ಮಾತ್ರ ಆ ಮನೆಯ ಬೆನ್ನು ಬಿಡುವುದಿಲ್ಲ. ಹೆಂಡತಿಯೇ ಜೊತೆ ಸಾಲಗಾರಳಾಗಿ ಅಥವಾ ಜಾಮೀನುದಾರಳಾಗಿ ರುಜು ಹಾಕಿದ್ದರೆ ಆ ಸಾಲ ಆಕೆಯದೂ ಹೌದು. ಗೃಹಸಾಲದ ಕಾಗದಗಳಲ್ಲಿ ಇಂಥ ರುಜು ಬಹಳ ಸಾಮಾನ್ಯವಾದುದರಿಂದ, ಯಾವ ಮಾತನ್ನೂ ಕೊಡುವ ಮೊದಲು ಸಾಲದ ಪತ್ರಗಳ ಪ್ರತಿಯನ್ನು ಬ್ಯಾಂಕಿನಿಂದ ಬರೆದು ಕೇಳಿ ತರಿಸಿಕೊಳ್ಳಬೇಕು. ಸಾಲದೊಂದಿಗೆ ವಿಮೆ ಮಾಡಿಸಲಾಗಿತ್ತೇ ಎಂದೂ ಅದೇ ಪತ್ರದಲ್ಲಿ ಕೇಳಬೇಕು. ಇದ್ದರೆ ಬಾಕಿಯನ್ನು ವಿಮಾ ಕಂಪನಿಯೇ ತುಂಬಬೇಕಾಗಬಹುದು. ಕೇಳದಿದ್ದರೆ ತಾವಾಗಿ ಹೇಳುವವರು ವಿರಳ.

ನಾವು ಹೆಚ್ಚು ಅಂಜುವುದು ಇನ್ನೊಂದು ಕಾಗದಕ್ಕೆ. "ಸಾಲವನ್ನು ನಿಮ್ಮ ಹೆಸರಿಗೆ ನವೀಕರಿಸಿಕೊಳ್ಳಿ, ಬಡ್ಡಿಯಲ್ಲಿ ರಿಯಾಯಿತಿ ಕೊಡುತ್ತೇವೆ" ಎಂದು ದುಃಖದಲ್ಲಿರುವ ತಾಯಿಯ ಮುಂದೆ ಕಾಗದವನ್ನಿಡುತ್ತಾರೆ. ಅದಕ್ಕೆ ರುಜು ಬಿದ್ದರೆ, ಗಂಡನ ಆಸ್ತಿಯ ಮಿತಿಯಲ್ಲಿದ್ದ ಹೊಣೆ ಅಂದಿನಿಂದ ಆಕೆಯ ಸ್ವಂತ ಸಾಲವಾಗುತ್ತದೆ. ಖಾಲಿ ಕಾಗದಕ್ಕೆ ರುಜು ಕೇಳುವ ಮೈದುನನ ವಿಷಯದಲ್ಲಿಯೂ ಇದೇ ಎಚ್ಚರಿಕೆ ಇರಲಿ. ಬಂಧುತ್ವ ಬೇರೆ, ಬರಹ ಬೇರೆ. ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಿ ಕಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ತಾಕೀತು ಮಾಡಿದೆ. ಕಿರುಸಾಲದವರ ಬಲವಂತದ ವಸೂಲಿಯನ್ನು ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂದಿದೆ. ಬಾಗಿಲಲ್ಲಿ ಕೂಗಾಡುವವರಿದ್ದರೆ ಪೊಲೀಸ್ ಠಾಣೆಗೆ ಹೋಗಲು ಸಂಕೋಚ ಬೇಡ.

ಇನ್ನು ಕೆಲಸದ ಸ್ಥಳದಿಂದ ಬರುವ ಹಣ. ಭವಿಷ್ಯನಿಧಿಯ ಮೊತ್ತವೊಂದನ್ನೇ ಪಡೆದು ಸುಮ್ಮನಾಗುವ ಕುಟುಂಬಗಳು ಇಂದಿಗೂ ಇವೆ. ಅದೇ ಭವಿಷ್ಯನಿಧಿ ಕಚೇರಿಯಲ್ಲಿ ಇನ್ನೆರಡು ಬಾಬುಗಳಿರುತ್ತವೆ. ಒಂದು, 1976ರಿಂದ ಇರುವ ಠೇವಣಿ ಆಧಾರಿತ ವಿಮೆ. ಇದಕ್ಕೆ ನೌಕರನ ಸಂಬಳದಿಂದ ಒಂದು ಪೈಸೆಯನ್ನೂ ಮುರಿಯುವುದಿಲ್ಲವಾದ್ದರಿಂದ ಸಂಬಳದ ಚೀಟಿಯಲ್ಲಿ ಇದರ ಸುಳಿವೇ ಸಿಗದು. ಸೇವೆಯಲ್ಲಿರುವಾಗಲೇ ಮೃತರಾದವರ ಕುಟುಂಬಕ್ಕೆ ಇದರಿಂದ ಗರಿಷ್ಠ 7 ಲಕ್ಷ ರೂಪಾಯಿಯವರೆಗೆ ಬರುತ್ತದೆ. ಇನ್ನೊಂದು, 1995ರ ಯೋಜನೆಯ ಕುಟುಂಬ ಪಿಂಚಣಿ: ಪತ್ನಿಗೆ ಮಾಸಿಕ ಪಿಂಚಣಿ, ಏಕಕಾಲಕ್ಕೆ ಇಬ್ಬರು ಮಕ್ಕಳಿಗೆ 25 ವರ್ಷ ತುಂಬುವವರೆಗೆ ತಲಾ ಅದರ ಕಾಲುಭಾಗ. ಮೊತ್ತ ದೊಡ್ಡದಲ್ಲ. ಆದರೂ ತಿಂಗಳು ತಿಂಗಳು ಬರುವ ಹಣಕ್ಕೆ ತನ್ನದೇ ಬೆಲೆಯಿದೆ.

ಗ್ರಾಚ್ಯುಟಿಯ ವಿಷಯದಲ್ಲಿ "ಐದು ವರ್ಷ ತುಂಬಿಲ್ಲ" ಎಂದು ಹೇಳಿ ಕಳಿಸಿದರೆ ಒಪ್ಪಬೇಡಿ. ಮರಣದ ಸಂದರ್ಭದಲ್ಲಿ ಐದು ವರ್ಷದ ಷರತ್ತು ಇಲ್ಲ. 1972ರ ಕಾಯ್ದೆಯ ಈ ನಿಯಮವು, ಅದರ ಸ್ಥಾನಕ್ಕೆ 2025ರ ನವೆಂಬರಿನಲ್ಲಿ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಉಳಿದಿದೆ. ಲೆಕ್ಕ ಸುಲಭ: ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. ವೇತನ 26,000, ಸೇವೆ 12 ವರ್ಷವೆಂದರೆ 1,80,000 ರೂಪಾಯಿ. ಬ್ಯಾಂಕಿನ ಪಾಸ್‌ಬುಕ್ಕನ್ನೂ ಒಮ್ಮೆ ತಿರುವಿಹಾಕಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ ಕಂತು. ಅದರಿಂದ 2 ಲಕ್ಷ ಬರಬೇಕು. 20 ರೂಪಾಯಿಯ ಕಡಿತವು ಅಪಘಾತ ವಿಮೆಯದು. ಮೃತರ ಎ.ಟಿ.ಎಂ. ಕಾರ್ಡಿನಿಂದ ಹಣ ತೆಗೆಯುವ ಪರಿಪಾಠ ಮಾತ್ರ ಸಲ್ಲದು. ಇತರ ವಾರಸುದಾರರು ನಾಳೆ ಅದನ್ನೇ ಕಳವೆಂದಾರು.

ಸಾಲ ಕೊಟ್ಟವರು ಈ ಹಣದ ಮೇಲೆ ಕೈಯಿಡಬಹುದೇ? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಗ್ರಾಚ್ಯುಟಿ, ಭವಿಷ್ಯನಿಧಿ, ಜೀವವಿಮೆಯ ಹಣಗಳನ್ನು ಜಪ್ತಿಯಿಂದ ಹೊರಗಿಟ್ಟಿದೆ. ಸಂಪಾದಕನು ಹೋದ ಮೇಲೆ ಅನಾಥವಾಗುವ ಒಲೆ ಉರಿಯಲೆಂದೇ ಈ ಏರ್ಪಾಡು. ಆದ್ದರಿಂದ ಈ ಮೊತ್ತಗಳನ್ನು ಆ ತಾಯಿಯ ಒಂಟಿ ಹೆಸರಿನ ಖಾತೆಗೇ ತರಿಸಿಕೊಳ್ಳುವುದು ಲೇಸು.

ಕಾಗದವಿಲ್ಲದ, ಆದರೆ ನಿಜವಾದ ಕೈಗಡ? ನೆರೆಯ ಬಡವರೊಬ್ಬರು ಆಸ್ಪತ್ರೆಯ ಖರ್ಚಿಗೆಂದು ಕೊಟ್ಟ ಹತ್ತು ಸಾವಿರವನ್ನು ಕಾನೂನಿನ ಮರೆಯಲ್ಲಿ ನಿಂತು ನಿರಾಕರಿಸುವುದನ್ನು ನಾವು ಒಪ್ಪಲಾರೆವು. ಅದನ್ನು ಬರೆದಿಟ್ಟುಕೊಂಡು, ಮಕ್ಕಳ ಶಾಲೆಯ ಶುಲ್ಕ, ಮನೆಯ ಒಂದು ವರ್ಷದ ಖರ್ಚು ತೆಗೆದಿರಿಸಿದ ಮೇಲೆ ಕಂತಿನಲ್ಲಿ ಕೊಡಬಹುದು. ಆದರೆ ಕೊಡುವ ನಿರ್ಧಾರ ಆ ತಾಯಿಯದೇ ಆಗಿರಬೇಕು. ಪಂಕ್ತಿಯಲ್ಲಿ ಕುಳಿತ ಗಂಡಸರು ಆಕೆಯನ್ನು ಒಂದು ಮಾತೂ ಕೇಳದೆ ಅದನ್ನು ಮಾಡಬಾರದು. ಆರಾಧನೆಯ ಊಟಕ್ಕೆಂದೇ ಹೊಸ ಸಾಲ ಎತ್ತುವ ರೂಢಿಯೂ ಕೆಲವು ಮನೆಗಳಲ್ಲಿದೆ. ಅಂಥ ಮನೆಗಳ ಹಿರಿಯರನ್ನು ನಾವು ಕೈಮುಗಿದು ಕೇಳಿಕೊಳ್ಳುವುದು, ಪಂಕ್ತಿ ಚಿಕ್ಕದಾಗಲಿ.

ಮರಣ ನೋಂದಣಿಯನ್ನು 21 ದಿನಗಳೊಳಗೆ ಮಾಡಿಸಿದರೆ ಶುಲ್ಕವಿಲ್ಲ. ಮರಣ ಪತ್ರದ ಹತ್ತು ಪ್ರತಿಗಳನ್ನಾದರೂ ತೆಗೆದಿಡಿ. ನಾಡಕಚೇರಿಯ ವಂಶವೃಕ್ಷಕ್ಕೂ ಅಂದೇ ಅರ್ಜಿ ಹಾಕಿ. ವಾರಸುದಾರರಲ್ಲಿ ಅಗಲಿದವರ ತಾಯಿಯೂ ಮೊದಲ ದರ್ಜೆಯವರೆಂಬುದನ್ನು ಸೊಸೆಯಂದಿರು ಮರೆಯಬಾರದು. ರಾಜ್ಯ ಸರ್ಕಾರಿ ನೌಕರರ ಮನೆಯವರು ಅನುಕಂಪದ ನೇಮಕಾತಿಗೆ ಮರಣದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಮದುವೆಯಾದ ಮಗಳನ್ನು ಹೊರಗಿಟ್ಟಿದ್ದ ನಿಯಮವನ್ನು 2020ರಲ್ಲಿ ನಮ್ಮ ಉಚ್ಚ ನ್ಯಾಯಾಲಯವು ತಳ್ಳಿಹಾಕಿರುವುದರಿಂದ ಅವಳೂ ಕೇಳಬಹುದು.

ಕೆಲಸದಲ್ಲಿರುವ ಓದುಗರಿಗೆ ಒಂದು ಮಾತು. ಮದುವೆಗೆ ಮೊದಲು ಅಣ್ಣನನ್ನೋ ಗೆಳೆಯನನ್ನೋ ಭವಿಷ್ಯನಿಧಿಗೆ ನಾಮಿನಿ ಮಾಡಿದ್ದರೆ, ಮದುವೆಯೊಡನೆ ಆ ನಾಮನಿರ್ದೇಶನ ಅಸಿಂಧುವಾಗಿರುತ್ತದೆ. ಹೊಸದನ್ನು ಈಗ ಮನೆಯಲ್ಲಿಯೇ ಕುಳಿತು ಅಂತರ್ಜಾಲದಲ್ಲಿ ತುಂಬಬಹುದು. ಮುಗಿದ ಮೇಲೆ ಅದರ ಒಂದು ಪ್ರತಿಯನ್ನು ಮನೆಯ ಕಾಗದಪತ್ರಗಳ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಕೀಲಿ ಎಲ್ಲಿದೆಯೆಂದು ಮಡದಿಗೆ ಹೇಳಿರಿ.